ಸೋಡಾ ಬಾಟ್ಲಿ ‘ಢಂ’ ಅನ್ನೋ ಮುಂಚೆ

ಮೊನ್ನೆ ಮಧ್ಯಾಹ್ನ ಎರಡು ಗಂಟೆಯ ಉರಿಬಿಸಿಲು. ಬಸ್‌ಸ್ಟ್ಯಾಂಡ್ ಎದುರಿನ ಬೀಡಾ ಅಂಗಡಿ ಮುಂದೆ ‘ಢಂ’ ಅಂತ ಸದ್ದಾಯಿತು. ಬಸ್ಸಿಗೆ ಕಾದಿದ್ದವರು ಟೈರ್ ಸಿಡಿಯಿತು ಅಂದುಕೊಂಡು ತಿರುಗಿ ನೋಡಿದರು. ಸಿಡಿದದ್ದು ಟೈರಲ್ಲ, ಗೋಲಿ ಸೋಡಾ ಬಾಟ್ಲಿ. ಬಿಸಿಲಿಗಿಟ್ಟಿದ್ದ ಕ್ರೇಟಿನಲ್ಲಿ ಯಾರೂ ಮುಟ್ಟದೆ ತಾನಾಗಿ ಒಡೆದಿತ್ತು. ಗಾಜಿನ ಚೂರು ತಾಗಿ ಅಂಗಡಿಯವರ ಮೊಣಕೈಯಲ್ಲಿ ರಕ್ತ ಬಂತು. ಪುಣ್ಯಕ್ಕೆ ಅಷ್ಟಕ್ಕೇ ಮುಗಿಯಿತು. ಎರಡು ಮಾರು ದೂರದಲ್ಲಿ ಒಬ್ಬ ತಾಯಿ ಮಗು ಎತ್ತಿಕೊಂಡು ನಿಂತಿದ್ದಳು. ಆ ಚೂರು ಅತ್ತ ಹಾರಿದ್ದರೆ?

“ಸೋಡಾ ಅಂದ್ಮೇಲೆ ಒಂದೆರಡು ಒಡೀತಾವೆ, ಬಿಡಿ ಸಾರ್” ಅಂದರು ಅಂಗಡಿಯವರು. ಈ ‘ಬಿಡಿ ಸಾರ್’ ಎಂಬ ಮಾತಿಗೇ ನಮ್ಮ ತಕರಾರು. ಬಾಟ್ಲಿ ಸುಮ್ಮಸುಮ್ಮನೆ ಒಡೆಯೋದಿಲ್ಲ. ಅದಕ್ಕೆ ಕಾರಣ ಇದೆ, ತಪ್ಪಿಸುವ ದಾರಿಯೂ ಇದೆ.

ಸೋಡಾ ಎಂದರೆ ನೀರಿನಲ್ಲಿ ಒತ್ತಡ ಹಾಕಿ ಕರಗಿಸಿದ ಇಂಗಾಲದ ಡೈಆಕ್ಸೈಡ್ ಗ್ಯಾಸು, ಅಷ್ಟೆ. ಇದನ್ನು ಮೊದಲು ಮಾಡಿ ನೋಡಿದವನು ಜೋಸೆಫ್ ಪ್ರೀಸ್ಟ್ಲಿ ಎಂಬ ಇಂಗ್ಲೆಂಡಿನ ಪಾದ್ರಿ. 1767ರಲ್ಲಿ ಲೀಡ್ಸ್ ಊರಿನಲ್ಲಿ ಅವನ ಮನೆ ಪಕ್ಕ ಬೀರು ಕಾರ್ಖಾನೆ ಇತ್ತು. ಹುಳಿಯುತ್ತಿದ್ದ ಬೀರಿನ ತೊಟ್ಟಿ ಮೇಲೆ ನಿಂತ ಗ್ಯಾಸಿನಲ್ಲಿ ನೀರನ್ನು ಈ ಪಾತ್ರೆಯಿಂದ ಆ ಪಾತ್ರೆಗೆ ಹೊಯ್ದು ಅವನು ಸೋಡಾ ರುಚಿ ಕಂಡ. ಬೀರಿನಲ್ಲಿ ಈ ಗ್ಯಾಸು ಸಕ್ಕರೆ ಹುಳಿತು ಒಳಗೇ ಹುಟ್ಟುತ್ತದೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ಮನೆಯಲ್ಲೇ ಬೀರು ಮಾಡಿಕೊಳ್ಳುವವರು ಬಾಟ್ಲಿಗೆ ಮುಚ್ಚಳ ಹಾಕುವ ಮುನ್ನ ಲೀಟರಿಗೆ ಸುಮಾರು 6-7 ಗ್ರಾಂ ಸಕ್ಕರೆಯನ್ನು ತೂಕ ಮಾಡಿ ಹಾಕುತ್ತಾರೆ. ಕೈಯಳತೆಯಲ್ಲಿ ಸುರಿದರೆ ಬಾಟ್ಲಿ ಬಾಂಬಾಗುತ್ತದೆ ಅನ್ನೋದು ಅವರಿಗೆ ಗೊತ್ತು. ಅವರಿಗೆ ಸಕ್ಕರೆಯ ಲೆಕ್ಕ, ನಮ್ಮ ಸೋಡಾದವರಿಗೆ ಸಿಲಿಂಡರಿನ ಲೆಕ್ಕ. ಆದರೆ ನಮ್ಮಲ್ಲಿ ಗೇಜು ನೋಡಿ ಗ್ಯಾಸು ಬಿಡುವವರು ಎಷ್ಟು ಮಂದಿ? ಕೈಗೆ ಬಂದಷ್ಟು ತಿರುಗಿಸಿದರೆ ಆಯಿತು!

ಎರಡನೆಯದು ತಂಪಿನ ಲೆಕ್ಕ. ಐಸ್‌ನಷ್ಟು ತಣ್ಣಗಿರುವ ಒಂದು ಲೀಟರ್ ನೀರು ಸಾಮಾನ್ಯ ಒತ್ತಡದಲ್ಲಿ ಸುಮಾರು 1.7 ಲೀಟರ್ ಗ್ಯಾಸು ಹೀರುತ್ತದೆ. ಅದೇ ನೀರು 30 ಡಿಗ್ರಿ ಇದ್ದರೆ ಮುಕ್ಕಾಲು ಲೀಟರ್ ಕೂಡ ಹಿಡಿಯೋದಿಲ್ಲ. ಮಾಳಿಗೆ ಮೇಲಿನ ಟ್ಯಾಂಕಿನ ಬೆಚ್ಚನೆ ನೀರಿಗೆ ಗ್ಯಾಸು ಹಾಕಿದರೆ ಕರಗುವುದು ಕಡಿಮೆ. ಗೋಲಿ ಒತ್ತಿದಾಗ ಸದ್ದು ಮಾತ್ರ ಜೋರು, ಎರಡು ಗುಟುಕಿಗೆ ಸಪ್ಪೆ ನೀರು. ಗಿರಾಕಿ ‘ಕಿಕ್ಕಿಲ್ಲ’ ಅಂತಾನೆ. ಸೋಡಾದವರು ನಾಳೆ ಇನ್ನಷ್ಟು ಗ್ಯಾಸು ಬಿಡುತ್ತಾರೆ. ಆ ಬಾಟ್ಲಿ ಅಂಗಡಿ ಮುಂದಿನ ಬಿಸಿಲಿಗೆ ಬರುತ್ತದೆ. 10 ಡಿಗ್ರಿಯಲ್ಲಿದ್ದ ಸೋಡಾ 30 ಡಿಗ್ರಿಗೆ ಏರಿದರೆ ಒಳಗಿನ ಒತ್ತಡ ಸುಮಾರು ಒಂದೂಮುಕ್ಕಾಲು ಪಟ್ಟಾಗುತ್ತದೆ. ನಮ್ಮೂರ ಏಪ್ರಿಲ್ ಬಿಸಿಲು 30ಕ್ಕೇ ನಿಲ್ಲುತ್ತದೆಯೇ?

ಮೂರನೆಯದು ಬಾಟ್ಲಿ. ಹೈರಮ್ ಕಾಡ್ ಎಂಬ ಇಂಗ್ಲೆಂಡಿನವನು 1872ರ ಹೊತ್ತಿಗೆ ಮಾಡಿಟ್ಟ ಈ ಬಾಟ್ಲಿಯ ಬುದ್ಧಿವಂತಿಕೆ ದೊಡ್ಡದು. ಮುಚ್ಚಳ ಬೇಡ, ಬಿರಡೆ ಬೇಡ. ಒಳಗಿನ ಗ್ಯಾಸೇ ಗೋಲಿಯನ್ನು ಕತ್ತಿನ ರಬ್ಬರ್ ವಾಷರಿಗೆ ಒತ್ತಿ ಹಿಡಿಯುತ್ತದೆ. ಆದರೆ ಗಾಜಿಗೂ ಆಯಸ್ಸಿದೆ. ಕ್ರೇಟಿನಲ್ಲಿ ಕುಕ್ಕಿ, ರಸ್ತೆಯಲ್ಲಿ ಉರುಳಿ, ಗೀರು ಬಿದ್ದ ಬಾಟ್ಲಿಯನ್ನು ಮತ್ತೆ ಮತ್ತೆ ತುಂಬಿದರೆ ಒಂದು ದಿನ ಅದು ಸೇಡು ತೀರಿಸಿಕೊಳ್ಳುತ್ತದೆ. ಮೊದಲು ಏಟು ಬೀಳುವುದು ಚಕ್ರ ತಿರುಗಿಸುವ ಆಳಿಗೆ. ಎಷ್ಟೋ ಕಡೆ ಚಕ್ರಕ್ಕೆ ತಂತಿಬಲೆ ಇಲ್ಲ, ಆಳಿನ ಕಣ್ಣಿಗೆ ಕನ್ನಡಕ ಇಲ್ಲ. ಒಂದು ಕನ್ನಡಕದ ದುಡ್ಡು ಎಷ್ಟು, ಒಂದು ಕಣ್ಣಿನ ಬೆಲೆ ಎಷ್ಟು?

ಇನ್ನು ನೀರಿನ ಮಾತು. ಗ್ಯಾಸು ಹಾಕಿದ ಮಾತ್ರಕ್ಕೆ ಕೆಟ್ಟ ನೀರು ಒಳ್ಳೆಯದಾಗೋದಿಲ್ಲ. ಸೋಡಾದಲ್ಲಿ ರೋಗ ಇಲ್ಲ ಅನ್ನುವುದು ತಪ್ಪು ತಿಳುವಳಿಕೆ. ಇಕ್ಕಟ್ಟಾದ ಕತ್ತು, ಒಳಗೊಂದು ಗೋಲಿ, ಬ್ರಷ್ಷು ಸಲೀಸಾಗಿ ಹೋಗೋದಿಲ್ಲ. ಒಂದು ಬಕೆಟ್ ನೀರಲ್ಲಿ ನೂರು ಬಾಟ್ಲಿ ಅದ್ದಿ ತೆಗೆದರೆ ಅದು ತೊಳೆದದ್ದಲ್ಲ, ಕೊಳೆ ಹಂಚಿದ್ದು. 2006ರ ಆಹಾರ ಸುರಕ್ಷತೆ ಕಾಯ್ದೆ ಸಣ್ಣ ತಯಾರಕನಿಗೂ ಅನ್ವಯಿಸುತ್ತದೆ.

ಹಾಗಂತ ಸೋಡಾ ಫ್ಯಾಕ್ಟರಿಗಳಿಗೆ ಬೀಗ ಜಡಿಯಿರಿ ಎಂದು ನಾವು ಹೇಳುತ್ತಿಲ್ಲ. 1977ರಲ್ಲಿ ದೇಶ ಬಿಟ್ಟುಹೋದ ಕೋಕಾ-ಕೋಲಾ 1993ರಲ್ಲಿ ವಾಪಸು ಬಂತು. ಆಮೇಲೆ ಪ್ಲಾಸ್ಟಿಕ್ ಬಾಟ್ಲಿಗಳ ಪ್ರವಾಹ. ಅದರೆದುರೂ ನಮ್ಮ ಗೋಲಿ ಸೋಡಾ ಉಸಿರು ಹಿಡಿದುಕೊಂಡಿದೆ. ಒಂದು ಮಷೀನಿನಲ್ಲಿ ಒಂದು ಸಂಸಾರ ಬದುಕುತ್ತದೆ. ಕುಡಿದ ಬಾಟ್ಲಿ ಅಂಗಡಿಗೇ ಮರಳುತ್ತದೆ, ಚರಂಡಿಗೆ ಹೋಗೋದಿಲ್ಲ. ಈ ಕಸುಬು ಉಳಿಯಬೇಕು. ಉಳಿಯಬೇಕಾದರೆ ಜನರಿಗೆ ನಂಬಿಕೆ ಬರಬೇಕು.

ಅದಕ್ಕೇ ಸೋಡಾದವರಿಗೆ ನಮ್ಮ ಬಿನ್ನಹ: ಸೋಸಿದ ತಣ್ಣನೆ ನೀರು, ಆಹಾರಕ್ಕೆಂದೇ ಬರುವ ಗ್ಯಾಸು, ಗೇಜಿನ ಲೆಕ್ಕ. ಗೀರು ಬಿದ್ದ ಬಾಟ್ಲಿ ಗುಜರಿಗೆ. ಚಕ್ರಕ್ಕೆ ಬಲೆ, ಕಣ್ಣಿಗೆ ಕನ್ನಡಕ. ಅಂಗಡಿಯವರು ಕ್ರೇಟನ್ನು ನೆರಳಿಗೆ ಸರಿಸಿ ಮೇಲೊಂದು ಒದ್ದೆ ಗೋಣಿಚೀಲ ಹೊದಿಸಲಿ, ಖರ್ಚೇನೂ ಇಲ್ಲ. ಬಸ್ ಬಂತೆಂದು ಅವಸರಪಟ್ಟು ಕುಡಿಯುವವರೂ ಬಾಟ್ಲಿ ಕುಲುಕಬೇಡಿ, ಮುಖದ ಹತ್ತಿರ ಹಿಡಿದು ಗೋಲಿ ಒತ್ತಬೇಡಿ.

ನಗರಸಭೆಯ ಆರೋಗ್ಯ ಶಾಖೆಯವರೂ, ಆಹಾರ ಸುರಕ್ಷತಾ ಅಧಿಕಾರಿಗಳೂ ಸೋಡಾದವರನ್ನು ಒಂದು ದಿನ ಕರೆದು ಕೂರಿಸಿ ತಿಳಿಹೇಳಲಿ. ಮಾಮೂಲು ಪಡೆದು ಹೋಗುವ ತಪಾಸಣೆ ಯಾರಿಗೂ ಬೇಡ. ನೀರಿನ ಪರೀಕ್ಷೆ ಆಗಲಿ, ಅದರ ಚೀಟಿ ಅಂಗಡಿಯ ಗೋಡೆ ಮೇಲೆ ಇರಲಿ. ಬೇಸಿಗೆ ಮುಗಿದ ಮೇಲೆ ಬಂದು ನೋಡಿದರೆ ಏನು ಬಂತು? ಮುಂದಿನ ‘ಢಂ’ ಯಾರ ಕಣ್ಣಿಗೆ ಕಾದಿದೆಯೋ. ಅದಕ್ಕೆ ಮುಂಚೆ ಸಂಬಂಧಪಟ್ಟವರು ಎಚ್ಚರಗೊಳ್ಳುವರೇ?