ಯಾವಾಗಲೂ ಸುಸ್ತೇ? ಗ್ಲೂಕೋಸ್ ಬಾಟಲಿ ಹಾಕಿಸಿಕೊಳ್ಳುವ ಮೊದಲು ಇದನ್ನು ಓದಿ

ಸುಸ್ತು ಹೋಗಲು ಒಂದು ದಿನ ನೆನೆಸಿದ ಖರ್ಜೂರ, ಮರುದಿನ ಬೀಟ್‌ರೂಟ್ ಜ್ಯೂಸ್, ಅದರ ಮರುದಿನ ನುಗ್ಗೆಸೊಪ್ಪಿನ ಪುಡಿ. "ಏಳೇ ದಿನದಲ್ಲಿ ಶಕ್ತಿ ವಾಪಸ್" ಎನ್ನುವ ಇಂಥ ಮೆಸೇಜುಗಳು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತವೆ. ಇವುಗಳಲ್ಲಿ ಹೇಳುವ ಪದಾರ್ಥಗಳು ಬಹುತೇಕ ಒಳ್ಳೆಯ ಆಹಾರವೇ. ತಪ್ಪಿರುವುದು ಮೆಸೇಜಿನ ಹಿಂದಿನ ಲೆಕ್ಕದಲ್ಲಿ. ಎಲ್ಲರ ಸುಸ್ತಿಗೂ ಕಾರಣ ಒಂದೇ, ಮದ್ದೂ ಒಂದೇ ಎಂದು ಅದು ನಂಬಿಸುತ್ತದೆ.

ಸುಸ್ತು ರೋಗವಲ್ಲ, ಲಕ್ಷಣ. ಜ್ವರಕ್ಕೆ ಹತ್ತಾರು ಕಾರಣ ಇರುವಂತೆ ಸುಸ್ತಿಗೂ ಇವೆ. ಶಂಕರಘಟ್ಟದ ಸುತ್ತಮುತ್ತಲನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಭದ್ರಾವತಿ ತಾಲ್ಲೂಕಿನ ಈ ಊರಿನಲ್ಲಿ ಕುವೆಂಪು ವಿಶ್ವವಿದ್ಯಾಲಯದ ಜ್ಞಾನಸಹ್ಯಾದ್ರಿ ಆವರಣವಿದೆ. ಹತ್ತಿರದಲ್ಲೇ ಭದ್ರಾ ಅಣೆಕಟ್ಟು, ಕಾಡು, ಗದ್ದೆ, ಅಡಿಕೆ ತೋಟಗಳಿವೆ. ಇಲ್ಲಿನ ಹಾಸ್ಟೆಲ್‌ನಲ್ಲಿರುವ ಒಬ್ಬ ವಿದ್ಯಾರ್ಥಿನಿ, ತೋಟದ ಕೆಲಸಕ್ಕೆ ಹೋಗುವ ಹೆಂಗಸು, ಭದ್ರಾವತಿಯಲ್ಲಿ ನೈಟ್ ಶಿಫ್ಟ್ ಮಾಡುವ ಕಾರ್ಮಿಕ, ಸಕ್ಕರೆ ಕಾಯಿಲೆಗೆ ವರ್ಷಗಳಿಂದ ಮಾತ್ರೆ ನುಂಗುತ್ತಿರುವ ನಿವೃತ್ತ ಮೇಷ್ಟ್ರು ಎಂದು ನಾಲ್ವರನ್ನು ಕಲ್ಪಿಸಿಕೊಳ್ಳಿ. ಡಾಕ್ಟರ ಮುಂದೆ ಕೂತು ನಾಲ್ವರೂ ಹೇಳುವುದು ಒಂದೇ ಮಾತು: "ಯಾಕೋ ತುಂಬಾ ಸುಸ್ತು." ಆದರೆ ನಾಲ್ವರ ಕಾರಣಗಳೂ ಬೇರೆ ಬೇರೆ ಇರಬಹುದು. ಆ ಕಾರಣ ಹುಡುಕದೆ ಮನೆಮದ್ದು ಬದಲಿಸುತ್ತಾ ಹೋದರೆ ಕಳೆದುಹೋಗುವುದು ತಿಂಗಳುಗಳು.

ಬಾಟಲಿಯೊಳಗೆ ಏನಿದೆ?

ಮೊದಲು ನಮ್ಮಲ್ಲಿ ತೀರಾ ಜನಪ್ರಿಯವಾದ ಮದ್ದನ್ನೇ ನೋಡೋಣ. "ವೀಕ್‌ನೆಸ್ ಇದೆ, ಒಂದು ಬಾಟಲಿ ಗ್ಲೂಕೋಸ್ ಹಾಕಿ ಡಾಕ್ಟ್ರೇ" ಎಂದು ಕೇಳಿ ಹಾಕಿಸಿಕೊಳ್ಳುವವರು ಬಹಳ ಮಂದಿ. ಸಾಮಾನ್ಯವಾಗಿ ಬಳಸುವ 5% ಗ್ಲೂಕೋಸಿನ ಅರ್ಧ ಲೀಟರ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಗ್ಲೂಕೋಸ್, ಅಂದರೆ ಐದಾರು ಚಮಚ ಸಕ್ಕರೆಯಷ್ಟು. ಅದರಿಂದ ಸಿಗುವುದು ಸುಮಾರು 100 ಕ್ಯಾಲೊರಿ. ಒಂದು ದೊಡ್ಡ ಬಾಳೆಹಣ್ಣು ಕೊಡುವುದೂ ಅಷ್ಟನ್ನೇ.

ಹಾಗಾದರೆ ಹಾಕಿಸಿಕೊಂಡ ಮೇಲೆ ಹಾಯೆನಿಸುವುದು ಏಕೆ? ಒಂದೆರಡು ಗಂಟೆ ಎಲ್ಲ ಕೆಲಸ ಬಿಟ್ಟು ಮಲಗಿರುತ್ತೇವೆ. ಮೈಯಲ್ಲಿ ನೀರು ಕಡಿಮೆಯಾಗಿದ್ದರೆ ಅದು ತುಂಬಿಕೊಳ್ಳುತ್ತದೆ. ಮದ್ದು ಸಿಕ್ಕಿತೆಂಬ ಸಮಾಧಾನವೂ ಕೆಲಸ ಮಾಡುತ್ತದೆ. ವಾಂತಿ, ಭೇದಿಯಾಗಿ ಬಾಯಿಂದ ಏನೂ ನಿಲ್ಲದಿದ್ದಾಗ, ಡೆಂಗಿಯಂಥ ಕಾಯಿಲೆಯಲ್ಲಿ ವೈದ್ಯರು ಹೇಳಿದಾಗ ಬಾಟಲಿ ಜೀವ ಉಳಿಸುತ್ತದೆ. ಊಟ, ನೀರು ಸರಿಯಾಗಿ ಸೇರುತ್ತಿರುವವರ ಹಳೆಯ ಸುಸ್ತಿಗೆ ಅದು ಉತ್ತರವಲ್ಲ. ಸಕ್ಕರೆ ಕಾಯಿಲೆ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ಬೇಡದ ಬಾಟಲಿ ಅಪಾಯವನ್ನೂ ತರಬಹುದು.

ಕಬ್ಬಿಣದ ಊರು, ಕಬ್ಬಿಣದ ಕೊರತೆ

1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಊರು ಭದ್ರಾವತಿ. ನಮ್ಮ ದೇಹದಲ್ಲಿರುವ ಒಟ್ಟು ಕಬ್ಬಿಣ ಮಾತ್ರ 3ರಿಂದ 4 ಗ್ರಾಂ, ಒಂದು ಸಣ್ಣ ಮೊಳೆಯಷ್ಟು. ಅದರ ಹೆಚ್ಚಿನ ಪಾಲು ರಕ್ತದ ಹಿಮೋಗ್ಲೋಬಿನ್‌ನಲ್ಲಿದ್ದು, ಶ್ವಾಸಕೋಶದಿಂದ ಆಮ್ಲಜನಕವನ್ನು ಮೈತುಂಬಾ ಹೊತ್ತೊಯ್ಯುತ್ತದೆ. ಕಬ್ಬಿಣಾಂಶ ಕಡಿಮೆಯಾದರೆ ಹೊರುವ ಶಕ್ತಿಯೇ ಕಡಿಮೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದೆ ಡವಡವ, ತಲೆ ಸುತ್ತು, ಯಾವ ಕೆಲಸಕ್ಕೂ ಕೈ ಏಳದಂಥ ಸುಸ್ತು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು 48% ಮಂದಿಗೆ ರಕ್ತಹೀನತೆ ಇದೆ. ಗಂಡಸರಲ್ಲಿ ಇದು ಸುಮಾರು 20%. ಹೆಚ್ಚುಕಡಿಮೆ ಇಬ್ಬರು ಹೆಂಗಸರಲ್ಲಿ ಒಬ್ಬರು ಎಂದಾಯಿತು. ಆದರೂ ಮನೆಗಳಲ್ಲಿ ಕೇಳಿಬರುವ ಮಾತು "ಹೆಂಗಸರಿಗೆ ಸುಸ್ತು ಇದ್ದದ್ದೇ", ಇಲ್ಲವೇ "ಈಗಿನ ಹುಡುಗಿಯರಿಗೆ ಮೈಬಗ್ಗಲ್ಲ". ಸೋಮಾರಿತನ ಎಂದು ಬೈಸಿಕೊಳ್ಳುವ ನಮ್ಮ ವಿದ್ಯಾರ್ಥಿನಿಯ ಹಿಮೋಗ್ಲೋಬಿನ್ 8 ಇರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಂತೆ ಗರ್ಭಿಣಿಯಲ್ಲದ ಹೆಂಗಸಿಗೆ ಅದು 12 ಗ್ರಾಂಗಿಂತ, ಗಂಡಸಿಗೆ 13ಕ್ಕಿಂತ ಕಡಿಮೆ ಇರಬಾರದು.

ಕೊರತೆಗೂ ಕಾರಣಗಳಿವೆ. ಮುಟ್ಟಿನ ರಕ್ತಸ್ರಾವ 7 ದಿನ ದಾಟುವುದು, ಗಂಟೆಗೊಂದು ಪ್ಯಾಡ್ ಬದಲಿಸುವಂತಾಗುವುದು ಸಹಜವಲ್ಲ. ತೋಟ, ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಕೊಕ್ಕೆಹುಳದ ಕಾಟ ಇರಬಹುದು. ಇದರ ಮರಿಗಳು ಅಂಗಾಲಿನ ಚರ್ಮದ ಮೂಲಕ ಒಳಹೊಕ್ಕು, ಕೊನೆಗೆ ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ತೋಟದ ಕೆಲಸದ ಹೆಂಗಸಿಗೆ ಚಪ್ಪಲಿ ಮತ್ತು ಜಂತುಹುಳದ ಮಾತ್ರೆ ಟಾನಿಕ್‌ಗಿಂತ ಹೆಚ್ಚು ಉಪಕಾರ ಮಾಡಬಹುದು. ಮೂಲವ್ಯಾಧಿ, ಹೊಟ್ಟೆಯ ಹುಣ್ಣುಗಳಿಂದಲೂ ಗೊತ್ತಾಗದಂತೆ ರಕ್ತ ಹೋಗುತ್ತಿರುತ್ತದೆ.

ಬೀಟ್‌ರೂಟ್ ಕೆಂಪಗಿದೆ, ಆದ್ದರಿಂದ ರಕ್ತ ಕೊಡುತ್ತದೆ ಎಂಬುದು ಬಣ್ಣ ನೋಡಿ ಹುಟ್ಟಿದ ನಂಬಿಕೆ. 100 ಗ್ರಾಂ ಬೀಟ್‌ರೂಟ್‌ನಲ್ಲಿ ಕಬ್ಬಿಣಾಂಶ 1 ಮಿಲಿಗ್ರಾಂಗಿಂತಲೂ ಕಡಿಮೆ. ಅಷ್ಟೇ ತೂಕದ ರಾಗಿಯಲ್ಲಿ ಅದರ ನಾಲ್ಕೈದು ಪಟ್ಟು ಇದೆ. ಹುರುಳಿ, ಹರಿವೆ ಸೊಪ್ಪು, ಮಾಂಸ, ಮೀನು ಕೂಡ ಒಳ್ಳೆಯ ಮೂಲಗಳು. ಕಾಳು, ಸೊಪ್ಪಿನ ಕಬ್ಬಿಣವನ್ನು ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ನಿಂಬೆ, ನೆಲ್ಲಿಕಾಯಿ, ಸೀಬೆ ಜೊತೆಗಿದ್ದರೆ ಹೀರಿಕೆ ಹೆಚ್ಚುತ್ತದೆ. ಊಟದ ಜೊತೆ ಕಾಫಿ, ಟೀ ಕುಡಿದರೆ ತಗ್ಗುತ್ತದೆ. ನಡುವೆ ಒಂದು ಗಂಟೆ ಅಂತರ ಇರಲಿ.

ರಕ್ತಹೀನತೆ ಪತ್ತೆಯಾದ ಮೇಲೆ ಊಟವೊಂದೇ ಸಾಲದು, ಮಾತ್ರೆ ಬೇಕು. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗುತ್ತದೆ, ಆಶಾ ಕಾರ್ಯಕರ್ತೆಯರನ್ನೂ ಕೇಳಬಹುದು. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಬೇಡಿ. ಹೊಟ್ಟೆ ತೊಳಸಿದರೆ ಊಟದ ನಂತರ ನುಂಗಿ. ಹಿಮೋಗ್ಲೋಬಿನ್ ಸರಿಯಾಯಿತೆಂದು ತಕ್ಷಣ ನಿಲ್ಲಿಸಬೇಡಿ. ದೇಹದ ದಾಸ್ತಾನು ತುಂಬಲು ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಬೇಕು.

ಮೇಷ್ಟ್ರ ಸುಸ್ತು

ನಮ್ಮ ನಿವೃತ್ತ ಮೇಷ್ಟ್ರಿಗೆ ಬೇರೆಯೇ ಸಾಧ್ಯತೆಗಳಿವೆ. ಸಕ್ಕರೆ ಹಿಡಿತದಲ್ಲಿಲ್ಲದಿದ್ದರೆ ಅದೇ ಸುಸ್ತು ತರುತ್ತದೆ. ಜೊತೆಗೆ ಬಾಯಾರಿಕೆ, ಪದೇ ಪದೇ ಮೂತ್ರ. ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವ ಕೆಲವರಲ್ಲಿ ಬಿ12 ವಿಟಮಿನ್ ಕಡಿಮೆಯಾಗುತ್ತದೆ. ಗ್ಯಾಸ್ಟ್ರಿಕ್‌ಗೆಂದು ದಿನವೂ ನುಂಗುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಯಿಂದಲೂ ಹೀಗಾಗಬಹುದು. ಬಿ12 ಸಿಗುವುದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ಹಾಗಾಗಿ ಶುದ್ಧ ಸಸ್ಯಾಹಾರಿಗಳಲ್ಲಿ ಕೊರತೆ ಹೆಚ್ಚು. ಕೈಕಾಲು ಜೋಮು, ಮರೆವು, ನಾಲಗೆ ಉರಿ ಇದ್ದರೆ ಬಿ12 ಪರೀಕ್ಷೆ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ. ನೀವೇ ಮಾತ್ರೆ ನಿಲ್ಲಿಸಬೇಡಿ.

ಥೈರಾಯ್ಡ್ ಗ್ರಂಥಿ ನಿಧಾನವಾದರೂ ಸುಸ್ತು ಬರುತ್ತದೆ. ಎಲ್ಲರಿಗೂ ಸೆಕೆಯಾದಾಗ ನಿಮಗೆ ಚಳಿ, ಮಲಬದ್ಧತೆ, ಕೂದಲು ಉದುರುವುದು, ತೂಕ ಏರುವುದು, ಮುಟ್ಟಿನ ಏರುಪೇರು ಇದರ ಸುಳಿವುಗಳು. ಟಿಎಸ್‌ಎಚ್ ಎಂಬ ಒಂದು ರಕ್ತ ಪರೀಕ್ಷೆಯಿಂದ ಬಹುತೇಕ ಗೊತ್ತಾಗುತ್ತದೆ.

ನಿದ್ದೆಯ ಸಾಲ

ನೈಟ್ ಶಿಫ್ಟ್ ಕಾರ್ಮಿಕನ ರಕ್ತ ಪರೀಕ್ಷೆ ಎಲ್ಲವೂ ಸರಿ ಇರಬಹುದು. ಅವನಿಗೆ ಸಾಲದಿರುವುದು ನಿದ್ದೆ. ನಮ್ಮ ಜೀವಕೋಶಗಳ ಒಳಗೇ ದಿನದ ಗಡಿಯಾರವಿದೆ. ಅದು ಹೇಗೆ ನಡೆಯುತ್ತದೆಂದು ತೋರಿಸಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು. ಬೆಳಕು ಬಿದ್ದಾಗ ಎಚ್ಚರ, ಕತ್ತಲಾದಾಗ ನಿದ್ದೆ ಎಂದು ಹೊಂದಿಸಿಕೊಂಡ ಈ ಗಡಿಯಾರ ವಾರಕ್ಕೊಮ್ಮೆ ಬದಲಾಗುವ ಪಾಳಿಗೆ ಒಗ್ಗುವುದಿಲ್ಲ. ಹಗಲು ಮಲಗುವವರು ಕಿಟಕಿಗೆ ದಪ್ಪ ಪರದೆ ಹಾಕಿ, ಫೋನ್ ಸೈಲೆಂಟ್ ಮಾಡಿ. ಆ ಹೊತ್ತಿನಲ್ಲಿ ಎಬ್ಬಿಸದಂತೆ ಮನೆಯವರಿಗೆ ಹೇಳಿ.

ಕಾಫಿ ಇದಕ್ಕೆ ಪರಿಹಾರವಲ್ಲ. ಎಚ್ಚರವಿದ್ದಷ್ಟೂ ಮೆದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸೇರುತ್ತಾ ನಿದ್ದೆಗೆ ದೂಡುತ್ತದೆ. ಕಾಫಿಯ ಕೆಫೀನ್ ಅದರ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ, ಅದನ್ನು ತೆಗೆದುಹಾಕುವುದಿಲ್ಲ. ಕುಡಿದು ಸುಮಾರು ಐದು ಗಂಟೆಯಾದರೂ ಅರ್ಧದಷ್ಟು ಕೆಫೀನ್ ಮೈಯಲ್ಲೇ ಇರುತ್ತದೆ. ಸಂಜೆ 6ರ ಕಾಫಿ ರಾತ್ರಿ 11ಕ್ಕೂ ಕೆಲಸ ಮಾಡುತ್ತಿರುತ್ತದೆ. ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಅಷ್ಟು ಮಲಗಿಯೂ ಹಗಲು ತೂಕಡಿಸಿದರೆ, ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗುತ್ತದೆಂದು ಮನೆಯವರು ಹೇಳಿದರೆ, ಅದು ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇರಬಹುದು. ಇದಕ್ಕೆ ಚಿಕಿತ್ಸೆ ಇದೆ.

ಮನಸ್ಸು ದಣಿದರೂ ಮೈ ಸೋಲುತ್ತದೆ. ಇಷ್ಟದ ವಿಷಯದಲ್ಲೂ ಆಸಕ್ತಿ ಹೋಗಿ, ಎರಡು ವಾರಕ್ಕೂ ಹೆಚ್ಚು ಕಾಲ ಬೇಸರ, ಸುಸ್ತು ಇದ್ದರೆ ಖಿನ್ನತೆಯನ್ನೂ ಯೋಚಿಸಬೇಕು. ಇದು ಸೋಗಲ್ಲ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು.

ಜ್ವರ ಬಿಟ್ಟ ಮೇಲೂ ಬಿಡದ ಸುಸ್ತು

ಇದನ್ನು ಶಿವಮೊಗ್ಗ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ. 1957ರಲ್ಲಿ ಇದೇ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಉಣುಗುಗಳಿಂದ ಹರಡುತ್ತದೆ. ಜ್ವರ ಇಳಿದ ಮೇಲೂ ಮೈಕೈ ನೋವು, ನಿಶ್ಶಕ್ತಿ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಡೆಂಗಿ, ಚಿಕೂನ್‌ಗುನ್ಯಾ, ಕೋವಿಡ್ ನಂತರವೂ ಹಲವರು ಇದನ್ನು ಕಂಡಿದ್ದಾರೆ. "ಜ್ವರ ಹೋಯಿತಲ್ಲ, ಏಳು" ಎಂದು ದಬ್ಬುವುದು ತಪ್ಪು. ಒಂದು ಕೆಲಸವನ್ನು ಎರಡು ಕಂತಿನಲ್ಲಿ ಮಾಡುವುದು, ಪೂರ್ತಿ ದಣಿಯುವ ಮೊದಲೇ ಕೂರುವುದು ಇಲ್ಲಿ ಕೆಲಸಕ್ಕೆ ಬರುವ ಉಪಾಯ.

ಸುಸ್ತು ಆರು ತಿಂಗಳಾದರೂ ಬಿಡದೆ, ನಿದ್ದೆ ಮಾಡಿದರೂ ಹೋಗದೆ, ಚೂರು ಶ್ರಮಪಟ್ಟರೂ ಮರುದಿನ ಹಾಸಿಗೆ ಹಿಡಿಸಿದರೆ ಅದು ದೀರ್ಘಕಾಲದ ಬಳಲಿಕೆಯ ಕಾಯಿಲೆ ಇರಬಹುದು. "ವ್ಯಾಯಾಮ ಹೆಚ್ಚಿಸುತ್ತಾ ಹೋಗಿ" ಎಂಬ ಹಳೆಯ ಸಲಹೆಯನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2021ರಲ್ಲಿ ಕೈಬಿಟ್ಟಿತು. ಇಂಥವರು ತಮ್ಮ ಮಿತಿಯೊಳಗೇ ಇರಬೇಕು. ಈ ಕಾಯಿಲೆ ಇಲ್ಲದ ಉಳಿದ ಹೆಚ್ಚಿನವರಿಗೆ ಮಾತ್ರ ದಿನಕ್ಕೆ 20–30 ನಿಮಿಷದ ನಡಿಗೆ ಹುರುಪು ತರುತ್ತದೆ.

ಈಗ ಏನು ಮಾಡಬೇಕು?

ಒಂದು ವಾರ ಬರೆದಿಡಿ. ಎಷ್ಟಕ್ಕೆ ಮಲಗಿದಿರಿ, ಎಷ್ಟಕ್ಕೆ ಎದ್ದಿರಿ, ಸುಸ್ತು ಯಾವ ಹೊತ್ತಿಗೆ ಹೆಚ್ಚು, ಯಾವ ಮಾತ್ರೆ ನುಂಗುತ್ತೀರಿ, ಮುಟ್ಟು ಎಷ್ಟು ದಿನ ಎಂಬುದನ್ನೆಲ್ಲ ಗುರುತು ಹಾಕಿ. ವೈದ್ಯರಿಗೆ ಈ ಚೀಟಿ ಬಹಳ ಉಪಯೋಗಕ್ಕೆ ಬರುತ್ತದೆ.

ನಿದ್ದೆ, ಊಟ ಸರಿಪಡಿಸಿದ ಮೇಲೂ ಎರಡು ಮೂರು ವಾರದಲ್ಲಿ ಸುಸ್ತು ಇಳಿಯದಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಹೆಚ್ಚಿನ ತಪಾಸಣೆ ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ. ಸಾವಿರಾರು ರೂಪಾಯಿಯ "ಫುಲ್ ಬಾಡಿ ಚೆಕಪ್" ಮೊದಲೇ ಬೇಕಿಲ್ಲ. ರಕ್ತಕಣಗಳ ಎಣಿಕೆ, ಸಕ್ಕರೆ, ಥೈರಾಯ್ಡ್, ಅಗತ್ಯವಿದ್ದರೆ ಬಿ12 ಮತ್ತು ಕಿಡ್ನಿ ಪರೀಕ್ಷೆ ಸಾಮಾನ್ಯವಾಗಿ ಶುರುಮಾಡಲು ಸಾಕು.

ಆದರೆ ಇವುಗಳಲ್ಲಿ ಯಾವುದಾದರೂ ಇದ್ದರೆ ಕಾಯಬೇಡಿ: ಎದೆನೋವು, ಕೂತಲ್ಲೇ ಏದುಸಿರು, ಪ್ರಜ್ಞೆ ತಪ್ಪುವುದು, ಕಬ್ಬಿಣದ ಮಾತ್ರೆ ನುಂಗದೆಯೂ ಮಲ ಟಾರಿನಂತೆ ಕಪ್ಪಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಸಾಯಬೇಕೆಂಬ ಯೋಚನೆ. ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ ಇದ್ದರೆ ಕ್ಷಯ ಪರೀಕ್ಷೆ ಆಗಲೇಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದರ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ.

ಇನ್ನು ಮುಂದೆ ಸುಸ್ತಿಗೆ ಮದ್ದು ಹೇಳುವ ಫಾರ್ವರ್ಡ್ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಯಾವ ಕಾರಣದ ಸುಸ್ತಿಗೆ ಇದು? ಅದಕ್ಕೆ ಮೆಸೇಜಿನಲ್ಲಿ ಉತ್ತರ ಇಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ. ಅದರ ಬದಲು ನಿಮ್ಮ ಅಮ್ಮನನ್ನೋ ಅಕ್ಕನನ್ನೋ, ಕೊನೆಯ ಸಲ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಕೇಳಿ. "ನೆನಪಿಲ್ಲ" ಎಂದರೆ ಈ ವಾರವೇ ಜೊತೆಗೆ ಕರೆದುಕೊಂಡು ಹೋಗಿ.