ಬಸ್ಸಿಲ್ಲದ ಹೈವೇಯಲ್ಲಿ ಕಾಣೆಯಾದವರು

ಕಳೆದ ತಿಂಗಳು ಊರಿಗೆ ಹೋಗುವಾಗ ಚಾರ್ಮಾಡಿ ಘಾಟಿಯಲ್ಲಿ ಮುಕ್ಕಾಲು ಗಂಟೆ ನೆಟ್‌ವರ್ಕ್ ಇರಲಿಲ್ಲ. ಉಜಿರೆ ಹತ್ತಿರ ಬಂದಾಗ ಫೋನಿಗೆ ಜೀವ ಬಂತು. ನೋಡಿದರೆ ಅಮ್ಮನ ಹನ್ನೊಂದು ಮಿಸ್ಡ್ ಕಾಲ್. "ಎಲ್ಲಿ ಹೋಗಿದ್ದೆ ಮಾರಾಯ್ತಿ? ನನಗಿಲ್ಲಿ ಜೀವವೇ ಹೋಗಿತ್ತು" ಅಂದರು. ನಾನಿದ್ದದ್ದು ಸರ್ಕಾರಿ ಬಸ್ಸಲ್ಲಿ, ಹಗಲು ಹೊತ್ತಲ್ಲಿ, ನಲವತ್ತು ಜನರ ಮಧ್ಯೆ. ಆದರೂ ಅಷ್ಟು ಹೊತ್ತು ಸುದ್ದಿ ಇಲ್ಲದಿದ್ದದ್ದು ಅವರಿಗೆ ತಡೆಯೋಕಾಗಲಿಲ್ಲ.

ಆ ದಿನ ನಾನು ಬಸ್ಸಲ್ಲಿ ಕೇಳ್ತಾ ಇದ್ದದ್ದು, ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡಿದ್ದ ಒಂದು ಕ್ರೈಮ್ ಪಾಡ್‌ಕಾಸ್ಟ್. ಕೆನಡಾದ ಒಂದು ಹೆದ್ದಾರಿಯ ಕಥೆ. ಅಮ್ಮನ ಮಾತು ಕೇಳಿದ ಮೇಲೆ ಆ ಕಥೆ ತಲೆಯಿಂದ ಹೋಗಲೇ ಇಲ್ಲ. ಆಮೇಲೆ ಕೂತು ಓದಿಕೊಂಡೆ.

ಕೆನಡಾದ ಪಶ್ಚಿಮ ತುದಿಯ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ಹೈವೇ 16 ಅಂತ ಒಂದು ರಸ್ತೆ ಇದೆ. ಪ್ರಿನ್ಸ್ ಜಾರ್ಜ್‌ನಿಂದ ಸಮುದ್ರದ ದಡದ ಪ್ರಿನ್ಸ್ ರೂಪರ್ಟ್‌ವರೆಗೆ ಸುಮಾರು 720 ಕಿಲೋಮೀಟರ್. ಹೆಚ್ಚುಕಮ್ಮಿ ಬೆಂಗಳೂರಿಂದ ಬೀದರ್‌ಗೆ ಹೋದಷ್ಟು ದೂರ. ಎರಡೂ ಕಡೆ ಕಾಡು, ಬೆಟ್ಟ. ನಡುನಡುವೆ ಸಣ್ಣ ಪಟ್ಟಣಗಳು, ಮೂಲನಿವಾಸಿಗಳ ಹಳ್ಳಿಗಳು. ಆಸ್ಪತ್ರೆ, ಶಾಲೆ, ಕೆಲಸ, ನೆಂಟರ ಮನೆ ಎಲ್ಲದಕ್ಕೂ ಇದೇ ರಸ್ತೆ. ಅಲ್ಲಿನ ಜನ ಅದನ್ನ 'ಕಣ್ಣೀರಿನ ಹೆದ್ದಾರಿ' ಅಂತಾರೆ.

ಕಾರಣ ಇದು. ಈ ಹೈವೇ ಮತ್ತು ಅದೇ ಪ್ರಾಂತ್ಯದ ಇನ್ನೆರಡು ಹೈವೇಗಳ ಹಳೇ ಕೇಸುಗಳನ್ನ ಮತ್ತೆ ತೆರೆಯೋಕೆ 2005ರಲ್ಲಿ ಪೊಲೀಸರು 'ಇ-ಪಾನಾ' ಅನ್ನೋ ವಿಶೇಷ ತಂಡ ಮಾಡಿದರು. ಪಟ್ಟಿಗೆ ಬಂದದ್ದು 18 ಕೇಸು. 1969ರಿಂದ 2006ರ ನಡುವಿನವು. 13 ಕೊಲೆ, 5 ನಾಪತ್ತೆ. ಎಲ್ಲರೂ ಹೆಣ್ಣುಮಕ್ಕಳು, ಅದರಲ್ಲಿ ತುಂಬಾ ಜನ ಇನ್ನೂ ಹದಿಹರೆಯದವರು. ನಿಜವಾದ ಸಂಖ್ಯೆ ಇದಕ್ಕಿಂತ ಬಹಳ ಜಾಸ್ತಿ ಅಂತ ಮೂಲನಿವಾಸಿ ಸಂಘಟನೆಗಳು ಇವತ್ತಿಗೂ ಹೇಳ್ತವೆ.

2002ರ ಜೂನ್‌ನಲ್ಲಿ 25 ವರ್ಷದ ಒಬ್ಬ ಯುವತಿ ಪ್ರಿನ್ಸ್ ಜಾರ್ಜ್ ಹತ್ತಿರ ರಸ್ತೆ ಬದಿ ನಿಂತು ಲಿಫ್ಟ್ ಕೇಳ್ತಿದ್ದಳು. ಕಾಡಿನಲ್ಲಿ ಸಸಿ ನೆಡೋ ಕೆಲಸದವಳು. ಸ್ಮಿದರ್ಸ್‌ನಲ್ಲಿದ್ದ ಅಕ್ಕನ ಮನೆಗೆ ಹೇಳದೇ ಹೋಗಿ ಖುಷಿಪಡಿಸೋ ಪ್ಲ್ಯಾನ್ ಇತ್ತು. ಅಲ್ಲಿಗೆ ತಲುಪಲೇ ಇಲ್ಲ. ಇವತ್ತಿನವರೆಗೂ ಸಿಕ್ಕಿಲ್ಲ. ಆ ಕೇಸಿಗೆ ದೊಡ್ಡ ಹುಡುಕಾಟ ನಡೀತು, ದೇಶವೆಲ್ಲ ಸುದ್ದಿಯಾಯ್ತು. ಅವಳು ಬಿಳಿಯರ ಹುಡುಗಿ. ಅದಕ್ಕೂ ಮುಂಚೆ ಇದೇ ರಸ್ತೆಯಲ್ಲಿ ಕಾಣೆಯಾದ ಮೂಲನಿವಾಸಿ ಹುಡುಗಿಯರ ಮನೆಯವರು ಕೇಳಿದ ಪ್ರಶ್ನೆ ಒಂದೇ: ನಮ್ಮ ಮಕ್ಕಳಿಗೆ ಯಾಕೆ ಇಷ್ಟು ಹುಡುಕಲಿಲ್ಲ?

ಇಂಥ ಕಥೆ ಕೇಳುವಾಗ ನಮಗೆಲ್ಲ ಮೊದಲು ಬರೋ ಪ್ರಶ್ನೆ 'ಯಾರು ಮಾಡಿದ್ದು?' ಅನ್ನೋದು. ನಾನೂ ಹಾಗೇ. ಆದರೆ ಆ ಪಟ್ಟಿಯ ಒಂದು ಕೇಸು, 1974ರ 16 ವರ್ಷದ ಹುಡುಗಿಯ ಕೊಲೆ, ಡಿಎನ್‌ಎ ಮೂಲಕ ಬಗೆಹರಿದದ್ದು 2012ರಲ್ಲಿ. ಅಷ್ಟರಲ್ಲಿ ಆ ಆರೋಪಿ ಬೇರೊಂದು ಅಪರಾಧಕ್ಕೆ ಅಮೆರಿಕದ ಜೈಲಿನಲ್ಲಿದ್ದು, ಅಲ್ಲೇ ಸತ್ತು ಆರು ವರ್ಷ ಆಗಿತ್ತು. 'ಯಾರು' ಅನ್ನೋದಕ್ಕೆ ಉತ್ತರ ಸಿಗೋಕೆ 38 ವರ್ಷ ಬೇಕಾಯ್ತು. 'ಅವರೆಲ್ಲ ಯಾಕೆ ರಸ್ತೆ ಬದಿ ನಿಂತಿದ್ದರು?' ಅನ್ನೋದಕ್ಕೆ ಉತ್ತರ ಊರಿಗೆಲ್ಲ ಗೊತ್ತಿತ್ತು. ಬಸ್ ಇರಲಿಲ್ಲ. ಇದ್ದ ಖಾಸಗಿ ಬಸ್ಸು ದುಬಾರಿ, ಓಡಾಟ ಕಮ್ಮಿ. ಕಾರಿಲ್ಲದವರು ಲಿಫ್ಟ್ ಕೇಳಲೇಬೇಕು.

2006ರಲ್ಲಿ ಪ್ರಿನ್ಸ್ ಜಾರ್ಜ್‌ನಲ್ಲಿ ಕುಟುಂಬಗಳು, ಸಂಘಟನೆಗಳು, ಪೊಲೀಸರು ಸೇರಿ ಸಭೆ ಮಾಡಿ 33 ಶಿಫಾರಸು ಕೊಟ್ಟರು. ಅದರಲ್ಲಿ ಮುಖ್ಯವಾದದ್ದು ಹೈವೇ ಉದ್ದಕ್ಕೂ ಬಸ್ ಓಡಿಸಿ ಅನ್ನೋದು. 2012ರಲ್ಲಿ ಒಂದು ವಿಚಾರಣಾ ಆಯೋಗವೂ ಅದನ್ನೇ ಹೇಳಿತು. ಬಸ್ ಬರಲಿಲ್ಲ. ರಸ್ತೆ ಬದಿ ಒಂದು ದೊಡ್ಡ ಬೋರ್ಡ್ ಮಾತ್ರ ಇತ್ತು, ಹುಡುಗಿಯರು ಲಿಫ್ಟ್ ಕೇಳಬೇಡಿ ಅಂತ. ಬಗ್ ಹಾಗೇ ಬಿಟ್ಟು ಯೂಸರ್‌ಗೆ ವಾರ್ನಿಂಗ್ ಮೆಸೇಜ್ ತೋರಿಸಿದ ಹಾಗೆ.

ನನಗೆ ತೀರಾ ಸಿಟ್ಟು ಬಂದದ್ದು ಮುಂದಿನ ವಿಷಯಕ್ಕೆ. ಈ ಹೈವೇ ಬಗ್ಗೆ ಸಾರಿಗೆ ಸಚಿವಾಲಯ ಏನೇನು ಸಭೆ ಮಾಡಿದೆ, ದಾಖಲೆ ಕೊಡಿ ಅಂತ ನಮ್ಮ ಆರ್‌ಟಿಐ ಥರದ ಒಂದು ಅರ್ಜಿ ಹೋಯ್ತು. ದಾಖಲೆ ಇಲ್ಲ ಅನ್ನೋ ಉತ್ತರ ಬಂತು. 2015ರಲ್ಲಿ ಪ್ರಾಂತ್ಯದ ಮಾಹಿತಿ ಆಯುಕ್ತರು ತನಿಖೆ ಮಾಡಿದಾಗ ಇಮೇಲ್‌ಗಳನ್ನ 'ಟ್ರಿಪಲ್ ಡಿಲೀಟ್' ಮಾಡಿದ್ದು ಬಯಲಾಯ್ತು. ಇನ್‌ಬಾಕ್ಸ್‌ನಿಂದ ಅಳಿಸೋದು, ಡಿಲೀಟೆಡ್ ಫೋಲ್ಡರ್‌ನಿಂದ ಅಳಿಸೋದು, ಆಮೇಲೆ ರಿಕವರಿ ಜಾಗಕ್ಕೂ ಹೋಗಿ ಅಳಿಸೋದು. ಒಬ್ಬ ಸಿಬ್ಬಂದಿಗೆ ಆಯುಕ್ತರ ಮುಂದೆ ಸುಳ್ಳು ಹೇಳಿದ್ದಕ್ಕೆ 2,500 ಡಾಲರ್ ದಂಡ ಬಿತ್ತು. ನಮ್ಮ ಆಫೀಸಲ್ಲಿ ಪ್ರೊಡಕ್ಷನ್ ಲಾಗ್ ಒಂದು ಅಳಿಸಿಹೋದರೆ ಮೀಟಿಂಗ್ ಮೇಲೆ ಮೀಟಿಂಗ್ ನಡೀತದೆ. ಇಲ್ಲಿ ಅಳಿಸಿದ್ದು ಕಾಣೆಯಾದ ಮಕ್ಕಳ ರಸ್ತೆಯ ಬಗ್ಗೆ ಯಾರು ಏನು ಮಾತಾಡಿದರು ಅನ್ನೋದನ್ನ.

ಕೊನೆಗೆ 2017ರಲ್ಲಿ ಊರಿಂದೂರಿಗೆ ಸರ್ಕಾರಿ ಬಸ್ ಶುರುವಾಯ್ತು, ಕೆಲವೇ ಡಾಲರ್ ಟಿಕೆಟ್. ಕೇಳಿ 11 ವರ್ಷ ಆದಮೇಲೆ. ಮೊಬೈಲ್ ಸಿಗ್ನಲ್ ಇಲ್ಲದ 252 ಕಿಲೋಮೀಟರ್‌ಗೆ ಟವರ್ ಹಾಕೋಕೆ ದುಡ್ಡು ಘೋಷಣೆ ಆಗಿದ್ದು 2021ರಲ್ಲಿ. ನಾವು ಆ ಹೊತ್ತಿಗೆ ಇಲ್ಲಿ 5ಜಿ ಯಾವಾಗ ಬರ್ತದೆ ಅಂತ ಕಾಯ್ತಾ ಇದ್ವಿ.

ಬಸ್ ಬಂದಿದ್ದರೆ ಎಲ್ಲರೂ ಉಳೀತಿದ್ದರು ಅಂತ ಹೇಳೋಕಾಗಲ್ಲ. ಕೊಂದವರ ತಪ್ಪು ಕೊಂದವರದ್ದೇ. ಆದರೆ ಕೊಲೆಗಾರನನ್ನ ಹಿಡಿಯೋಕೆ ಅದೃಷ್ಟವೂ ಬೇಕು, ಬಸ್ ಬಿಡೋಕೆ ಒಂದು ಆರ್ಡರ್ ಸಾಕು. ಕ್ರೈಮ್ ಪಾಡ್‌ಕಾಸ್ಟ್ ಕೇಳೋದನ್ನ ನಾನೇನೂ ಬಿಟ್ಟಿಲ್ಲ. ಈಗ ಕೇಳುವಾಗ ಇದನ್ನೂ ಗಮನಿಸ್ತೀನಿ: ಆ ರಸ್ತೆಗೆ ಬಸ್ ಇತ್ತಾ, ಫೋನ್ ಸಿಗ್ತಿತ್ತಾ, ಅವಳನ್ನ ಕರಕೊಂಡು ಬರೋಕೆ ಯಾರಾದ್ರೂ ಇದ್ರಾ?

ಮೊನ್ನೆ ಅಮ್ಮನಿಗೆ ಈ ಕಥೆಯೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಆ ಮಕ್ಕಳ ಅಮ್ಮಂದಿರು ಎಷ್ಟು ಸಲ ಫೋನ್ ಮಾಡಿರ್ಬೇಡ" ಅಂದರು. ಮುಂದಿನ ಸಲ ಘಾಟಿ ಹತ್ತೋ ಮುಂಚೆ ಬಸ್ ನಂಬರ್ ಮೆಸೇಜ್ ಮಾಡು ಅಂತಲೂ ಹೇಳಿದರು. ಮಾಡ್ತೀನಿ.

ನಿಮ್ಮೂರಿಗೆ ಕೊನೇ ಬಸ್ ಎಷ್ಟು ಗಂಟೆಗೆ? ಅದು ತಪ್ಪಿದರೆ ಅಲ್ಲಿನ ಹುಡುಗಿಯರು ಮನೆಗೆ ಹೇಗೆ ಹೋಗ್ತಾರೆ? ಒಂದ್ಸಲ ಕೇಳಿ ನೋಡಿ.