ದುಡಿಯುವಾಗ ಸರಕಾರಿ, ಹೊರದಬ್ಬಿದಾಗ ಯಾರ ನೌಕರ?

ಹೇಮಾವತಿ ಹುಟ್ಟುವ ಜಾವಳಿಯಂತಹ ಕಾಫಿ ಸೀಮೆಯ ಊರುಗಳಲ್ಲಿ ಮಗನಿಗೆ ಸರಕಾರಿ ಕಚೇರಿಯಲ್ಲೋ ಆಸ್ಪತ್ರೆಯಲ್ಲೋ ಕೆಲಸ ಸಿಕ್ಕಿತೆಂದರೆ ಮನೆಮಂದಿಗೆ ಹಬ್ಬ. 'ಹುಡುಗ ಸರಕಾರಿ ನೌಕರ' ಎಂದು ಮದುವೆಯ ಮಾತುಕತೆಯೂ ಆರಂಭವಾಗುತ್ತದೆ. ಆತ ಹೊರಗುತ್ತಿಗೆಯವನು, ಸಂಬಳ ಕೊಡುವುದು ಏಜೆನ್ಸಿ ಎಂಬುದು ಅರಿವಿಗೆ ಬರುವುದು ಟೆಂಡರು ಬದಲಾಗಿ 'ನಾಳೆಯಿಂದ ಬರಬೇಡ' ಎಂದ ದಿನ.

ಅಂದು ಆತ ಪರಿಹಾರಕ್ಕಾಗಿ ಯಾರ ಬಾಗಿಲು ತಟ್ಟಬೇಕು? ಇಲಾಖೆ ಏಜೆನ್ಸಿಯತ್ತ ಕೈ ತೋರಿಸುತ್ತದೆ, ಏಜೆನ್ಸಿ ಇಲಾಖೆಯತ್ತ. ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ತಾತ್ಕಾಲಿಕ ನೌಕರರಿಗೆ ಖಾಯಮಾತಿಯ ಹಕ್ಕಿಲ್ಲವೆಂದಿತು. ಆ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಅಸ್ತ್ರವಾಗಿ ಬಳಸಬಾರದೆಂದು 2024ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ ಎಚ್ಚರಿಸಿತು. ಆದರೆ ಅದನ್ನು ಕೇಳಿಸಿಕೊಳ್ಳುವ ಕಿವಿ ಎಷ್ಟು ಕಚೇರಿಗಳಿಗಿದೆ?

'ತಾತ್ಕಾಲಿಕವೆಂದು ಮೊದಲೇ ಹೇಳಿದ್ದೆವಲ್ಲ' ಎಂಬುದು ಅಧಿಕಾರಿಗಳ ಸಮರ್ಥನೆ. ಹಾಗಾದರೆ ಮರುದಿನವೇ ಅದೇ ಕುರ್ಚಿಯಲ್ಲಿ ಇನ್ನೊಬ್ಬ ಕುಳಿತಿರುವುದೇಕೆ? ತಾತ್ಕಾಲಿಕವಾಗಿರುವುದು ಕೆಲಸವಲ್ಲ, ಮನುಷ್ಯ!

ಯುವನಿಧಿ ಇದೆಯಲ್ಲ ಎನ್ನುವವರಿದ್ದಾರೆ. 2024ರ ಜನವರಿಯಲ್ಲಿ ಹಣ ಪಾವತಿ ಆರಂಭಿಸಿದ ಆ ಯೋಜನೆ ಹೊಸ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿಯಂತೆ ಗರಿಷ್ಠ ಎರಡು ವರ್ಷ ಕೊಡಲೆಂದು ರೂಪುಗೊಂಡದ್ದು. ಹತ್ತು ವರ್ಷ ದುಡಿದು ಬೀದಿಗೆ ಬಿದ್ದವನ ಹೆಸರು ಅದರಲ್ಲಿಲ್ಲ. 2018ರಲ್ಲಿ ಇಎಸ್‌ಐ ಜಾರಿಗೊಳಿಸಿದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಉದ್ಯೋಗ ಕಳೆದುಕೊಂಡವನಿಗೆ 90 ದಿನಗಳವರೆಗೆ ನೆರವು ನೀಡುವಂಥದ್ದು. 2020ರಲ್ಲಿ ಅದರ ಪ್ರಮಾಣವನ್ನು ಸರಾಸರಿ ವೇತನದ ಶೇ. 25ರಿಂದ 50ಕ್ಕೆ ಏರಿಸಲಾಯಿತು. ಆದರೆ ಅದಕ್ಕೆ ಹೆಸರು ನೋಂದಣಿಯಾಗಿರಬೇಕು, ವಂತಿಗೆ ಸಂದಿರಬೇಕು. ಏಜೆನ್ಸಿ ವಂತಿಗೆಯನ್ನೇ ಕಟ್ಟದಿದ್ದರೆ? ಗುತ್ತಿಗೆ ಕಾರ್ಮಿಕರ ವಂತಿಗೆಗೂ ಮೂಲ ಮಾಲೀಕನೇ ಮೊದಲ ಹೊಣೆಯೆಂಬುದು ಇಎಸ್‌ಐ ಕಾನೂನಿನ ತತ್ವ. ಖಾಸಗಿ ಮಾಲೀಕನಿಗೆ ಕಾನೂನು ಬೋಧಿಸುವ ಸರಕಾರ ತನ್ನ ಅಂಗಳದಲ್ಲೇ ಅದನ್ನು ಮರೆತರೆ ಅದಕ್ಕಿಂತ ದೊಡ್ಡ ವಂಚನೆ ಬೇರೊಂದಿಲ್ಲ.

ನಮ್ಮಲ್ಲೂ ದೋಷವಿದೆ. ಕೆಲಸ ಸಿಕ್ಕಿದಾಗ ಸಿಹಿ ಹಂಚುವ ನಾವು ನೇಮಕಾತಿ ಪತ್ರವನ್ನಾಗಲಿ ಇಎಸ್‌ಐ ಸಂಖ್ಯೆಯನ್ನಾಗಲಿ ಕೇಳುವುದಿಲ್ಲ. ವೇತನ ಚೀಟಿ, ಬ್ಯಾಂಕ್ ಪಾಸ್‌ಬುಕ್, ಹಾಜರಾತಿಯ ಪ್ರತಿಯನ್ನು ಮೊದಲ ತಿಂಗಳಿಂದಲೇ ಜೋಪಾನ ಮಾಡಬೇಕು. ಓದು ಬಲ್ಲ ಯುವಕರು ಮೊಹಲ್ಲಾದಲ್ಲಿ ಕುಳಿತು ಇತರರ ಅರ್ಜಿ ಬರೆದುಕೊಡಬೇಕು.

ನಿರುದ್ಯೋಗ ಪರಿಹಾರ ಭಿಕ್ಷೆಯಲ್ಲ, ದುಡಿದವನ ಹಕ್ಕು. ಕೇಳಲು ಸಂಕೋಚವೇಕೆ?